ಅಪ್ಪನ ಸಂಜೆಯ ತಿಂಡಿ: ಎಂಟು ಗ್ರಾಂ ಪ್ರೋಟೀನ್‌ಗಾಗಿ ಆರು ವಾರ

ಡಯಾಲಿಸಿಸ್ ಶುರುವಾಗುವ ಮುಂಚಿನ ಎರಡು ವರ್ಷ ಅಪ್ಪನ ತಟ್ಟೆಯಲ್ಲಿ ಪ್ರೋಟೀನ್ ಕಡಿಮೆ ಮಾಡುವುದೇ ನಮ್ಮ ಕೆಲಸವಾಗಿತ್ತು. ದಣಿದ ಮೂತ್ರಪಿಂಡದ ಮೇಲೆ ಹೊರೆ ಹೇರಬಾರದು ಎಂಬ ಮಾತು ಮನೆಯವರಿಗೆಲ್ಲ ಬಾಯಿಪಾಠವಾಗಿತ್ತು. ವಾರಕ್ಕೆ ಮೂರು ಸಲ ಹೀಮೋಡಯಾಲಿಸಿಸ್ ಶುರುವಾದ ದಿನದಿಂದ ಆ ಲೆಕ್ಕ ತಲೆಕೆಳಗಾಯಿತು. ರಕ್ತ ಸೋಸುವ ಯಂತ್ರ ಕಲ್ಮಶದ ಜೊತೆಗೆ ಪ್ರೋಟೀನಿನ ಘಟಕಗಳಾದ ಅಮೈನೊ ಆಮ್ಲಗಳನ್ನೂ ಸೆಳೆದುಕೊಳ್ಳುತ್ತದೆ, ಒಂದು ಸರದಿಗೆ ಸುಮಾರು 6ರಿಂದ 12 ಗ್ರಾಂ. ಆ ನಷ್ಟ ತುಂಬದಿದ್ದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಬಳಸತೊಡಗುತ್ತದೆ. ಹಾಗಾಗಿ ಡಯಾಲಿಸಿಸ್‌ನಲ್ಲಿರುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.0ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತದೆ ಮೂತ್ರಪಿಂಡದ ಕಾಯಿಲೆಗೆಂದು ಅಮೆರಿಕದ ತಜ್ಞರು ರೂಪಿಸಿದ 2020ರ ಕೆಡಿಒಕ್ಯುಐ ಮಾರ್ಗಸೂಚಿ. ಅಪ್ಪನ ತೂಕ 60 ಕಿಲೋ. ಅಂದರೆ ದಿನಕ್ಕೆ 60ರಿಂದ 72 ಗ್ರಾಂ.

ಒಂದು ವಾರ ಅವರು ತಿಂದದ್ದನ್ನೆಲ್ಲ ತೂಗಿ ಬರೆದಿಟ್ಟೆ. ಸರಾಸರಿ ಬಂದದ್ದು 46 ಗ್ರಾಂ. ಊಟದ ಪ್ರಮಾಣ ಹೆಚ್ಚಿಸುವ ಮಾತೇ ಇರಲಿಲ್ಲ. ಅವರ ಬಾಯಿಗೆ ಲೋಹದ ರುಚಿ ಹತ್ತಿದೆ, ಬಿಸಿ ಅಡುಗೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ, ನಾಲ್ಕು ತುತ್ತಿಗೆ ಸಾಕೆನ್ನುತ್ತಾರೆ. ಉಳಿದ ದಾರಿ ಒಂದೇ: ಊಟಗಳ ನಡುವೆ ಎರಡು ಸಲ, ಕೈಯಲ್ಲಿ ಹಿಡಿದು ತಿನ್ನುವಂಥ, ತಣ್ಣಗಿದ್ದರೂ ಚೆನ್ನಾಗಿರುವಂಥ ಪುಟ್ಟ ತಿಂಡಿ. ಒಂದೊಂದರಲ್ಲಿ 8 ಗ್ರಾಂ ಪ್ರೋಟೀನ್ ಬರಬೇಕು. ಅದನ್ನು ಮಾಡಲು ಹೊರಟ ಆರು ವಾರಗಳ ದಾಖಲೆ ಇದು.

ಮುಂದೆ ಓದುವ ಮುನ್ನ ಒಂದು ಮಾತು, ಇದನ್ನು ದಯವಿಟ್ಟು ಹಾರಿಸಬೇಡಿ. ಮೂತ್ರಪಿಂಡದ ಕಾಯಿಲೆ ಇದ್ದೂ ಡಯಾಲಿಸಿಸ್‌ಗೆ ಬಂದಿರದವರ ಲೆಕ್ಕ ಬೇರೆ. ಅವರಿಗೆ ಸಾಮಾನ್ಯವಾಗಿ ಪ್ರೋಟೀನಿಗೆ ಮಿತಿ ಇರುತ್ತದೆ, ಈ ತಿಂಡಿಗಳು ಆ ಮಿತಿಯನ್ನು ಮೀರಿಸಬಹುದು. ನಾನು ಅಡುಗೆ ಮಾಡುವವಳು, ವೈದ್ಯೆಯಲ್ಲ. ಅಪ್ಪನ ರಕ್ತಪರೀಕ್ಷೆ ನೋಡಿ ಆಹಾರತಜ್ಞೆ ಹಾಕಿಕೊಟ್ಟ ಗೆರೆಯೊಳಗೇ ಇವೆಲ್ಲವನ್ನೂ ಮಾಡಿದ್ದು. ನಿಮ್ಮ ಮನೆಯ ಗೆರೆಯನ್ನು ನಿಮ್ಮವರ ವೈದ್ಯರೇ ಎಳೆಯಬೇಕು.

ಮೊದಲ ವಾರ: ಒಲೆ ಹಚ್ಚುವ ಮುನ್ನ

ಮೊದಲು ಕೈಹಾಕಿದ್ದು ಅಂಗಡಿಯ ಪ್ರೋಟೀನ್ ಬಾರ್‌ಗೆ. ಹೊದಿಕೆಯ ಮೇಲೆ ‘20 ಗ್ರಾಂ ಪ್ರೋಟೀನ್’ ಎಂದು ದಪ್ಪಕ್ಷರದಲ್ಲಿತ್ತು. ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದೆ: ಖರ್ಜೂರ, ಬಾದಾಮಿ, ಕೋಕೋ, ಹಾಲಿನ ಪುಡಿ, ಕ್ಯಾಲ್ಸಿಯಂ ಫಾಸ್ಫೇಟ್. ಆರೋಗ್ಯವಂತರಿಗೆ ಒಳ್ಳೆಯ ತಿಂಡಿ. ಅಪ್ಪನಿಗೆ ಮಾತ್ರ ಅದರ ಅರ್ಧಕ್ಕರ್ಧ ಸಾಮಗ್ರಿ ಬೇಡ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪುತ್ತದೆ. ರಂಜಕ, ಅಂದರೆ ಫಾಸ್ಫರಸ್ ಏರಿದರೆ ಮೂಳೆ ಸವೆಯುತ್ತದೆ, ರಕ್ತನಾಳಗಳು ಗಡುಸಾಗುತ್ತವೆ, ಮೈ ತುರಿಸುತ್ತದೆ. ಸೋಡಿಯಂ ಏರಿದರೆ ಬಾಯಾರಿಕೆ, ನೀರಿನ ಮಿತಿ ಇರುವವರಿಗೆ ಅದೊಂದು ಹಿಂಸೆ.

ಪ್ರೋಟೀನ್ ಸಿಗುವುದು ಕಷ್ಟವಲ್ಲ, ಅದರ ಬೆನ್ನಿಗಂಟಿಕೊಂಡು ಬರುವ ಈ ಮೂವರನ್ನು ಬಿಟ್ಟು ಪ್ರೋಟೀನನ್ನು ಮಾತ್ರ ಕರೆತರುವುದು ಕಷ್ಟ ಎಂದು ಅಂದು ಅರ್ಥವಾಯಿತು. ಆದ್ದರಿಂದ ಒಂದು ಅಳತೆಗೋಲು ಇಟ್ಟುಕೊಂಡೆ: ಒಂದು ಗ್ರಾಂ ಪ್ರೋಟೀನಿಗೆ ಎಷ್ಟು ಮಿಲಿಗ್ರಾಂ ರಂಜಕ? ಹಾಲಿನಲ್ಲಿ ಸುಮಾರು 26. ಇಡೀ ಮೊಟ್ಟೆಯಲ್ಲಿ 16. ಬೇಯಿಸಿದ ಕೋಳಿಯ ಎದೆಮಾಂಸದಲ್ಲಿ 7ರ ಆಸುಪಾಸು. ನೆಲಗಡಲೆಯಲ್ಲಿ 14, ಆದರೆ ಅದರ 100 ಗ್ರಾಂನಲ್ಲಿ 700 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಬೇಯಿಸಿದ ಕಡಲೆಯಲ್ಲಿ 19, ಆದರೂ ಕಾಳುಗಳ ಬಗ್ಗೆ ನ್ಯಾಯವಾಗಿ ಹೇಳಬೇಕಾದ ಮಾತಿದೆ: ಅವುಗಳ ರಂಜಕ ಫೈಟೇಟ್ ರೂಪದಲ್ಲಿ ಕಟ್ಟುಬಿದ್ದಿರುವುದರಿಂದ ಅರ್ಧಕ್ಕಿಂತ ಹೆಚ್ಚು ಭಾಗ ಮೈಗೆ ಹತ್ತುವುದೇ ಇಲ್ಲ.

ಪಟ್ಟಿಯ ಕೊನೆಯಲ್ಲಿ ಮೊಟ್ಟೆಯ ಬಿಳಿ. ದೊಡ್ಡ ಮೊಟ್ಟೆಯೊಂದರ ಬಿಳಿ 33 ಗ್ರಾಂ ತೂಗುತ್ತದೆ. ಅದರಲ್ಲಿ 3.6 ಗ್ರಾಂ ಪ್ರೋಟೀನ್, ರಂಜಕ ಬರೀ 5 ಮಿಲಿಗ್ರಾಂ. ಗ್ರಾಂಗೆ ಒಂದೂವರೆಯೂ ಇಲ್ಲ! ರಂಜಕದ ಬಹುಪಾಲು ಹಳದಿಯಲ್ಲಿ ಕೂತಿರುತ್ತದೆ. ಮೊಟ್ಟೆ ಒಡೆದು ಬಿಳಿ, ಹಳದಿ ಬೇರೆ ಮಾಡುವಾಗ ಅರ್ಧ ಸಮಸ್ಯೆ ಹಳದಿಯ ಬಟ್ಟಲಿಗೆ ಹೋಗುತ್ತದೆ ಎಂದು ತಿಳಿದು ನನಗಾದ ಸಂತೋಷವನ್ನು ಹೇಳಲಾರೆ.

ಹಸಿ ಬಿಳಿಯನ್ನು ಹಾಗೆಯೇ ಪಾನೀಯಕ್ಕೆ ಕಲಸುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಡಯಾಲಿಸಿಸ್‌ನಲ್ಲಿರುವವರ ರೋಗನಿರೋಧಕ ಶಕ್ತಿ ಕುಂದಿರುತ್ತದೆ, ಹಸಿ ಮೊಟ್ಟೆಯಲ್ಲಿರಬಹುದಾದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅವರಿಗೆ ಹೊಟ್ಟೆನೋವಿನಷ್ಟಕ್ಕೆ ನಿಲ್ಲುವ ತೊಂದರೆಯಲ್ಲ. ಪೂರ್ತಿ ಬೇಯಲೇಬೇಕು.

ಎರಡನೆಯ ವಾರ: ರಬ್ಬರಿನಂಥ ಬಟ್ಟಲು

ಮಫಿನ್ ಅಚ್ಚಿಗೆ ಎಣ್ಣೆ ಸವರಿ, ಎಂಟು ಮೊಟ್ಟೆಯ ಬಿಳಿಗೆ ಹೆಚ್ಚಿದ ಕೆಂಪು ದೊಣ್ಣೆಮೆಣಸಿನಕಾಯಿ, ಈರುಳ್ಳಿ, ಕಾಳುಮೆಣಸಿನ ಪುಡಿ ಬೆರೆಸಿ, ನಾಲ್ಕು ಗುಳಿಗೆ ಸುರಿದು ಓವನ್‌ನಲ್ಲಿ 200 ಡಿಗ್ರಿಯಲ್ಲಿ 20 ನಿಮಿಷ ಇಟ್ಟೆ. ಗಾಜಿನಾಚೆ ಅವು ಬಲೂನಿನ ಹಾಗೆ ಉಬ್ಬಿದವು. ಹೊರತೆಗೆದ ಎರಡು ನಿಮಿಷಕ್ಕೆ ಕುಸಿದು ಕುಳಿತವು. ಚಮಚದಿಂದ ಒಂದನ್ನು ಎತ್ತಿದರೆ ಅಡಿಯಲ್ಲಿ ಒಂದು ಚಮಚದಷ್ಟು ಬೂದು ನೀರು. ಕತ್ತರಿಸಿದಾಗ ಚಾಕು ಕಿರುಗುಟ್ಟಿತು. ಮೂಗಿಗೆ ಗಂಧಕದ ವಾಸನೆ.

ಅಪ್ಪ ಒಂದು ತುಣುಕನ್ನು ಬಹಳ ಹೊತ್ತು ಜಗಿದು, “ಇದು ಮುಗಿಯುವುದರೊಳಗೆ ಇದ್ದ ಹಸಿವೂ ಹೋಗುತ್ತದೆ ಕಣಮ್ಮ,” ಎಂದರು. ಬೇಸರದಿಂದ ಹೇಳಿದ್ದಲ್ಲ, ನಿಜವಾಗಿಯೂ ಆಯಾಸದಿಂದ ಹೇಳಿದ್ದು. ಆ ಮಾತಿನ ಮೇಲೆ ಮುಂದಿನ ನಾಲ್ಕು ದಿನ ಕೆಲಸ ಮಾಡಿದೆ.

ತಪ್ಪು ಎಲ್ಲಿದೆ ಎಂದು ಒಂದೊಂದಾಗಿ ಬಿಡಿಸಿ ನೋಡಿದೆ. ಬಿಳಿಯಲ್ಲಿರುವ ಪ್ರೋಟೀನ್‌ಗಳೆಲ್ಲ ಒಂದೇ ಶಾಖಕ್ಕೆ ಗಟ್ಟಿಯಾಗುವುದಿಲ್ಲ. ಸುಮಾರು 60 ಡಿಗ್ರಿ ದಾಟುತ್ತಿದ್ದಂತೆ ಕೆಲವು ಹೆಪ್ಪುಗಟ್ಟತೊಡಗುತ್ತವೆ, ಪ್ರಮಾಣದಲ್ಲಿ ಎಲ್ಲಕ್ಕಿಂತ ಹೆಚ್ಚಿರುವ ಓವಲ್ಬುಮಿನ್ 80ರ ಸುತ್ತ ಗಟ್ಟಿಯಾಗುತ್ತದೆ. ಅದಕ್ಕೂ ಮೇಲೆ ಕಾಯಿಸುತ್ತ ಹೋದರೆ ಬಲೆ ಬಿಗಿದುಕೊಂಡು ತನ್ನೊಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ. ಅಡಿಯಲ್ಲಿದ್ದ ಬೂದು ನೀರು ಅದೇ. ಗಂಧಕದ ವಾಸನೆಯೂ ಅತಿಯಾಗಿ ಬೆಂದುದರ ಗುರುತು. ಜೊತೆಗೆ ಹಸಿ ತರಕಾರಿ ತನ್ನ ಪಾಲಿನ ನೀರನ್ನೂ ಬಿಟ್ಟಿತ್ತು.

ಎರಡನೆಯ ಸಲ ಶಾಖವನ್ನು 170ಕ್ಕೆ ಇಳಿಸಿ, ಮೆತ್ತಗಾಗಲೆಂದು ಅರ್ಧ ಚಮಚ ಬೇಕಿಂಗ್ ಪೌಡರ್ ಹಾಕಿದೆ. ಮೆತ್ತಗಾಯಿತು, ರುಚಿಯೂ ಪರವಾಗಿಲ್ಲ. ಅಪ್ಪನಿಗೆ ಕೊಡುವ ಮೊದಲು ಲೆಕ್ಕದ ಪುಸ್ತಕ ತುಂಬಲು ಡಬ್ಬಿಯ ಹಿಂಬದಿ ನೋಡಿದೆ: ಸೋಡಿಯಂ ಆ್ಯಸಿಡ್ ಪೈರೋಫಾಸ್ಫೇಟ್. ನೆಲದ ಮೇಲೆ ಕುಳಿತುಬಿಟ್ಟೆ. ಹಳದಿ ತೆಗೆದು ಒಂದು ಬಾಗಿಲಿನಿಂದ ಹೊರಗಟ್ಟಿದ ರಂಜಕವನ್ನು ನಾನೇ ಇನ್ನೊಂದು ಬಾಗಿಲಿನಿಂದ ಒಳಗೆ ಕರೆದಿದ್ದೆ. ಕಾಳಿನ ರಂಜಕದಲ್ಲಿ ಅರ್ಧಕ್ಕಿಂತ ಕಡಿಮೆ ಮೈಗೆ ಹತ್ತಿದರೆ, ಹೀಗೆ ಲವಣವಾಗಿ ಬೆರೆಸಿದ್ದು ಶೇಕಡ 90ಕ್ಕೂ ಮಿಕ್ಕಿ ಮೈಗೆ ಹತ್ತುತ್ತದೆ. ಆ ತಟ್ಟೆಯನ್ನು ನಾನೂ ತಮ್ಮನೂ ತಿಂದು ಮುಗಿಸಿದೆವು.

ಅಂದಿನಿಂದ ಯಾವ ಪೊಟ್ಟಣ ಮನೆಗೆ ಬಂದರೂ ಅದರ ಪದಾರ್ಥಗಳ ಸಾಲಿನಲ್ಲಿ ‘ಫಾಸ್ಫ’ ಎಂಬ ಅಕ್ಷರಗಳಿವೆಯೇ ಎಂದು ಹುಡುಕುತ್ತೇನೆ. ಹೆಸರಿನ ಬದಲು ಸಂಖ್ಯೆ ಹಾಕಿದ್ದರೆ 338ರಿಂದ 341, 343, 450ರಿಂದ 452 ಇವು ಫಾಸ್ಫೇಟ್‌ಗಳು. 508 ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ‘ಕಡಿಮೆ ಸೋಡಿಯಂ ಉಪ್ಪು’ ಎಂದು ಮಾರುವ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಮೂತ್ರಪಿಂಡ ಕೆಟ್ಟವರ ಮನೆಯಲ್ಲಿ ಆ ಉಪ್ಪು ಇರಲೇಬಾರದು.

ಬಟ್ಟಲು ಕೈಗೂಡಿದ್ದು ಐದನೆಯ ಸಲ. ಅದರ ವಿವರ ಪೂರ್ತಿಯಾಗಿ ಬರೆಯುತ್ತೇನೆ, ಏಕೆಂದರೆ ಇಲ್ಲಿ ಸಣ್ಣ ಸಂಗತಿಗಳೇ ಎಲ್ಲವೂ. 60 ಗ್ರಾಂ ದೊಣ್ಣೆಮೆಣಸಿನಕಾಯಿ, 40 ಗ್ರಾಂ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಎರಡು ಚಮಚ ಎಣ್ಣೆಯಲ್ಲಿ ನೀರಾರುವ ತನಕ ಬಾಡಿಸಿ ಪೂರ್ತಿ ತಣಿಸಬೇಕು. 10 ಗ್ರಾಂ ಜೋಳದ ಪಿಷ್ಟವನ್ನು, ಅಂದರೆ ಕಾರ್ನ್‌ಫ್ಲೋರನ್ನು ಒಂದು ಚಮಚ ನಿಂಬೆರಸ, ಒಂದು ಚಮಚ ನೀರಿನಲ್ಲಿ ಗಂಟಿಲ್ಲದೆ ಕದಡಿ ಎಂಟು ಬಿಳಿಗೆ ಸೇರಿಸಬೇಕು. ಪಿಷ್ಟ ಪ್ರೋಟೀನಿನ ಎಳೆಗಳ ನಡುವೆ ಸೇರಿಕೊಂಡು ಅವು ಬಿಗಿಯಾಗುವುದನ್ನು ತಡೆಯುತ್ತದೆ, ಅದರಲ್ಲಿ ರಂಜಕವೂ ಪೊಟ್ಯಾಸಿಯಂ ಕೂಡ ಲೆಕ್ಕಕ್ಕಿಲ್ಲದಷ್ಟು. ನಿಂಬೆಯ ಹುಳಿ ಗಂಧಕದ ವಾಸನೆಯನ್ನು ತಗ್ಗಿಸುತ್ತದೆ. ಕಡೆಯಬಾರದು, ನೊರೆ ಏಳಿಸಬಾರದು. ಫೋರ್ಕ್‌ನಿಂದ ಮೆಲ್ಲಗೆ ಕಲಸಿ ಜರಡಿಯಲ್ಲಿ ಒಮ್ಮೆ ಸೋಸಿ, ಆಮೇಲೆ ತರಕಾರಿ ಬೆರೆಸಬೇಕು. ಅಗಲವಾದ ತಟ್ಟೆಗೆ ಬಿಸಿನೀರು ಹಾಕಿ ಅದರಲ್ಲಿ ಅಚ್ಚನ್ನು ಇಟ್ಟು 150 ಡಿಗ್ರಿಯಲ್ಲಿ 25 ನಿಮಿಷ. ನಡುವಿಗೆ ಥರ್ಮಾಮೀಟರ್ ಚುಚ್ಚಿದರೆ 75ರಿಂದ 80 ತೋರಿಸಬೇಕು. ಅಚ್ಚನ್ನು ಅಲುಗಿಸಿದಾಗ ನಡುಭಾಗ ಒಂದಿಷ್ಟೇ ನಡುಗುತ್ತಿದ್ದರೆ ಅದೇ ಹದ, ಉಳಿದದ್ದನ್ನು ಒಳಗಿನ ಬಿಸಿಯೇ ಮುಗಿಸುತ್ತದೆ.

ಓವನ್ ಇಲ್ಲದವರು ಹಬೆಯಲ್ಲಿ ಮಾಡಬಹುದು, ನಾನೂ ಮಾಡಿ ನೋಡಿದೆ. ಉರಿ ಸಣ್ಣದಿರಲಿ, ಮುಚ್ಚಳಕ್ಕೆ ಬಟ್ಟೆ ಸುತ್ತಿರಲಿ. ಇಲ್ಲವಾದರೆ ಮುಚ್ಚಳದಿಂದ ತೊಟ್ಟಿಕ್ಕುವ ನೀರು ಮೇಲ್ಮೈಯನ್ನು ಗುಳಿಗುಳಿ ಮಾಡುತ್ತದೆ, ನೀರು ಕೊತಕೊತ ಕುದಿದರೆ ಒಳಗೆಲ್ಲ ತೂತು ಬೀಳುತ್ತದೆ. 12ರಿಂದ 14 ನಿಮಿಷ ಸಾಕು.

ಒಂದು ಬಟ್ಟಲಿಗೆ 7.5 ಗ್ರಾಂ ಪ್ರೋಟೀನ್, ರಂಜಕ ಸುಮಾರು 17 ಮಿಲಿಗ್ರಾಂ, ಪೊಟ್ಯಾಸಿಯಂ 150, ಸೋಡಿಯಂ 110. ಈ ಸೋಡಿಯಂ ಬಹುತೇಕ ಬಿಳಿಯಲ್ಲೇ ಇರುವಂಥದ್ದು, ನಾನು ಉಪ್ಪು ಹಾಕಿಲ್ಲ. ಅಪ್ಪ ಫ್ರಿಜ್‌ನಿಂದ ತೆಗೆದ ತಣ್ಣನೆಯ ಬಟ್ಟಲನ್ನೇ ಇಷ್ಟಪಟ್ಟರು. ತಣ್ಣಗಿದ್ದಾಗ ವಾಸನೆ ಏಳುವುದಿಲ್ಲ. ಬಿಸಿಬಿಸಿ ಬಡಿಸುವುದೇ ಪ್ರೀತಿ ಎಂದು ನಂಬಿ ಬೆಳೆದವಳು ನಾನು, ಅದನ್ನು ಬಿಡಲು ಸ್ವಲ್ಪ ಕಷ್ಟವಾಯಿತು.

ನಾಲ್ಕನೆಯ ವಾರ: ಗರಿಗರಿಯ ಬಿಲ್ಲೆ

ಹತ್ತು ದಿನ ಬಟ್ಟಲು ತಿಂದ ಮೇಲೆ ಅಪ್ಪ ಕೇಳಿದ್ದು, “ಕಟುಂ ಎನ್ನುವಂಥದ್ದು ಏನಾದರೂ ಆಗುತ್ತದೆಯೇ?” ಕಾಯಿಲೆಯವರಿಗೆ ನಾವು ಕೊಡುವುದೆಲ್ಲ ಮೆತ್ತಗೆ, ನುಣ್ಣಗೆ. ಹಲ್ಲಿಗೆ ಕೆಲಸ ಕೊಡುವ ತಿಂಡಿಗಾಗಿ ಅವರು ಎಷ್ಟು ಹಂಬಲಿಸಿದ್ದರೋ!

ನೊರೆಯಾಗಿ ಕಡೆದು ಒಣಗಿಸಿದರೆ ಗರಿಯಾಗುತ್ತದೆ ಎಂದು ಊಹಿಸಿದೆ. ನೊರೆ ನಿಲ್ಲಲು ನಾಲ್ಕು ಬಿಳಿಗೆ ಅರ್ಧ ಟೀ ಚಮಚ ಕ್ರೀಮ್ ಆಫ್ ಟಾರ್ಟರ್ ಹಾಕುವುದು ವಾಡಿಕೆ. ಬೇಕಿಂಗ್ ಪೌಡರ್ ಕಲಿಸಿದ ಪಾಠ ನೆನಪಿತ್ತು, ಈ ಸಲ ಮೊದಲೇ ಹುಡುಕಿದೆ. ಅದರ ರಾಸಾಯನಿಕ ಹೆಸರು ಪೊಟ್ಯಾಸಿಯಂ ಬೈಟಾರ್ಟ್ರೇಟ್. ಅರ್ಧ ಟೀ ಚಮಚದಲ್ಲಿ 250 ಮಿಲಿಗ್ರಾಂನಷ್ಟು ಪೊಟ್ಯಾಸಿಯಂ, ನಾಲ್ಕು ಬಿಳಿಗಳಲ್ಲಿ ಇರುವುದಕ್ಕಿಂತಲೂ ಹೆಚ್ಚು. ಅದರ ಬದಲು ಅರ್ಧ ಟೀ ಚಮಚ ನಿಂಬೆರಸ ಅದೇ ಕೆಲಸ ಮಾಡಿತು. ನೊರೆ ಚೆನ್ನಾಗಿಯೇ ನಿಂತಿತು, ಆದರೆ ಸಕ್ಕರೆ ಇಲ್ಲದ ನೊರೆ ಒಣಗಿದಾಗ ಹೊರಗೆ ಥರ್ಮೋಕೋಲ್, ಒಳಗೆ ಚರ್ಮ. ಸಕ್ಕರೆ ಸುರಿದರೆ ಪ್ರೋಟೀನಿಗಿಂತ ಸಕ್ಕರೆಯೇ ಮುಂದಾಗುತ್ತದೆ. ನೊರೆಯ ದಾರಿಯನ್ನು ಕೈಬಿಟ್ಟೆ.

ತೆಳುವಾಗಿ ಹರಡುವ ದಾರಿ ಫಲಿಸಿತು. ನಾಲ್ಕು ಬಿಳಿ, 30 ಗ್ರಾಂ ಅಕ್ಕಿಹಿಟ್ಟು, ಎರಡು ಟೀ ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿಯ ಒಂದು ಎಸಳು, ಕುಟ್ಟಿದ ಕಾಳುಮೆಣಸು, ಹುರಿದ ಜೀರಿಗೆ, ನಿಂಬೆಸಿಪ್ಪೆಯ ತುರಿ. ನೊರೆ ಬಾರದಂತೆ ಕಲಸಿ 20 ನಿಮಿಷ ಬಿಡಬೇಕು, ಹಿಟ್ಟು ನೆನೆಯಲಿ. ಬೇಕಿಂಗ್ ಕಾಗದಕ್ಕೆ ಎಣ್ಣೆ ಸವರಿ ಎರಡು ತಟ್ಟೆಗಳಲ್ಲಿ ಒಂದೂವರೆ ಮಿಲಿಮೀಟರ್ ದಪ್ಪಕ್ಕೆ ಹರಡಬೇಕು. 150 ಡಿಗ್ರಿಯಲ್ಲಿ 15 ನಿಮಿಷವಾದಾಗ ಹಾಳೆ ಗಟ್ಟಿಯಾಗಿ, ಬಾಗಿಸಿದರೆ ಬಾಗುವಂತಿರುತ್ತದೆ. ಆಗಲೇ ಚಾಕುವಿನಿಂದ ಚೌಕ ಗೆರೆ ಹಾಕಬೇಕು, ತಡವಾದರೆ ಚೂರುಚೂರು. ಮಗುಚಿ ಹಾಕಿ 120 ಡಿಗ್ರಿಗೆ ಇಳಿಸಿ ಇನ್ನೊಂದು 30 ನಿಮಿಷ. ಓವನ್ ಆರಿಸಿ ಬಾಗಿಲನ್ನು ಬೆರಳಗಲ ತೆರೆದು ಅಲ್ಲೇ ತಣಿಯಲು ಬಿಡಬೇಕು. ಗರಿ ಬರುವುದು ಈ ಕೊನೆಯ ಹಂತದಲ್ಲಿ, ಉಳಿದ ತೇವ ಹೊರಹೋಗುವಾಗ. ಮೊದಲ ಸಲ ಅವಸರದಲ್ಲಿ ಹೊರತೆಗೆದದ್ದರಿಂದ ಅರ್ಧ ಗಂಟೆಗೆಲ್ಲ ತೊಗಲಾಗಿತ್ತು.

ಇಷ್ಟನ್ನು ಎರಡು ಪಾಲು ಮಾಡಿದರೆ ಒಂದೊಂದಕ್ಕೆ 8 ಗ್ರಾಂ ಪ್ರೋಟೀನ್, ರಂಜಕ 25, ಪೊಟ್ಯಾಸಿಯಂ 120, ಸೋಡಿಯಂ 110 ಮಿಲಿಗ್ರಾಂ. ಉಪ್ಪಿಲ್ಲದೆ ಏನೋ ಕೊರತೆ ಕಾಣುತ್ತಿತ್ತು. ಹಿಟ್ಟಿಗೆ ಉಪ್ಪು ಬೆರೆಸಿದರೆ ಅದು ಒಳಗೇ ಅಡಗಿಹೋಗುತ್ತದೆ, ಅದೇ ಉಪ್ಪು ಮೇಲ್ಮೈಯಲ್ಲಿದ್ದರೆ ನಾಲಿಗೆಗೆ ಮೊದಲು ತಾಗುತ್ತದೆ. ಚಿನ್ನ ತೂಗುವಂಥ ಪುಟ್ಟ ತಕ್ಕಡಿಯಲ್ಲಿ 0.2 ಗ್ರಾಂ ಉಪ್ಪನ್ನು ತೂಗಿ, ನುಣ್ಣಗೆ ಅರೆದು, ಒಂದು ಪಾಲಿನ ಮೇಲೆ ಉದುರಿಸಿದೆ. 0.2 ಗ್ರಾಂ ಎಂದರೆ ಸುಮಾರು 78 ಮಿಲಿಗ್ರಾಂ ಸೋಡಿಯಂ. ಅಷ್ಟಕ್ಕೆ ಆಹಾರತಜ್ಞೆ ಒಪ್ಪಿದರು. ಅಪ್ಪ ಮೊದಲ ಬಿಲ್ಲೆಯನ್ನು ಮುರಿದಾಗ ಆದ ಸದ್ದು ಪಕ್ಕದ ಕೋಣೆಯಲ್ಲಿದ್ದ ನನಗೆ ಕೇಳಿಸಿತು.

ಐದನೆಯ ವಾರ: ಬದಲಾವಣೆಗೊಂದು ಉಂಡೆ

ದಿನವೂ ಮೊಟ್ಟೆ ಎಂದರೆ ಯಾರಿಗಾದರೂ ಸಾಕಾಗುತ್ತದೆ. ಬೇಯಿಸಿದ 60 ಗ್ರಾಂ ಕೋಳಿ ಎದೆಮಾಂಸ, ಅಷ್ಟೇ ತೂಕದ ಬಿಳಿ ಅನ್ನ, ಒಂದು ಮೊಟ್ಟೆಯ ಬಿಳಿ, ಶುಂಠಿ, ಕೊತ್ತಂಬರಿ. ರುಬ್ಬಿ ಉಂಡೆ ಕಟ್ಟಿ ಬಾಣಲೆಯಲ್ಲಿ ಎಣ್ಣೆ ಸವರಿ ಹೊರಳಿಸಿದರೆ ಮೂರು ಪಾಲಾಗುತ್ತದೆ, ಒಂದಕ್ಕೆ ಹೆಚ್ಚುಕಡಿಮೆ 8 ಗ್ರಾಂ ಪ್ರೋಟೀನ್. ರಂಜಕ 56 ಮಿಲಿಗ್ರಾಂ, ಬಿಲ್ಲೆಯ ಇಮ್ಮಡಿಗಿಂತ ಹೆಚ್ಚು, ಆದ್ದರಿಂದ ವಾರಕ್ಕೆ ಎರಡೇ ಸಲ. ಮಾಂಸ ಕೊಳ್ಳುವಾಗ ಒಂದು ಎಚ್ಚರ: ಕೆಲವು ಪೊಟ್ಟಣದ ಕೋಳಿಗೆ ತೂಕ, ಮೃದುತ್ವ ಹೆಚ್ಚಲೆಂದು ಉಪ್ಪು ಮತ್ತು ಫಾಸ್ಫೇಟ್ ಬೆರೆತ ನೀರನ್ನು ಚುಚ್ಚಿರುತ್ತಾರೆ. ಪೊಟ್ಟಣದ ಸಣ್ಣಕ್ಷರವನ್ನು ಇಲ್ಲಿಯೂ ಓದಲೇಬೇಕು.

ಜೆಲಾಟಿನ್ ಹಾಕಿ ಹಣ್ಣಿನ ರಸದ ಕಟ್ಟು ಮಾಡುವ ಯೋಚನೆಯೂ ಬಂದಿತ್ತು. ಜೆಲಾಟಿನ್‌ನಲ್ಲಿ ಟ್ರಿಪ್ಟೊಫಾನ್ ಎಂಬ ಅಗತ್ಯ ಅಮೈನೊ ಆಮ್ಲ ಇಲ್ಲ, ಹಾಗಾಗಿ ಅದು ಪೂರ್ಣ ಪ್ರೋಟೀನ್ ಅಲ್ಲ. ಮೇಲಾಗಿ ಅದರಲ್ಲಿರುವ ನೀರು ಅಪ್ಪನ ದಿನದ ನೀರಿನ ಲೆಕ್ಕಕ್ಕೆ ಸೇರುತ್ತದೆ. ಬಿಟ್ಟೆ.

ಆರನೆಯ ವಾರ: ಉಳಿಸುವುದು, ಕೆಡದಂತೆ ನೋಡುವುದು

ಬಟ್ಟಲುಗಳು ಫ್ರಿಜ್‌ನಲ್ಲಿ ಮೂರು ದಿನ ಚೆನ್ನಾಗಿರುತ್ತವೆ. ಫ್ರೀಜರ್‌ಗೆ ಹಾಕಿ ನೋಡಿದೆ: ಕರಗಿದಾಗ ಮತ್ತೆ ಅದೇ ಬೂದು ನೀರು, ಅದೇ ರಬ್ಬರ್. ಬೆಂದ ಬಿಳಿಗೆ ಘನೀಕರಣ ಆಗಿಬರುವುದಿಲ್ಲ. ಉಂಡೆಗಳನ್ನು ಮಾತ್ರ ಫ್ರೀಜರ್‌ನಲ್ಲಿ ಇಡಬಹುದು. ಹೊರಗೆ ಇಟ್ಟ ಬಟ್ಟಲನ್ನು ಎರಡು ಗಂಟೆ ಮೀರಿದರೆ ಎಸೆಯುತ್ತೇನೆ, ಆ ವಿಷಯದಲ್ಲಿ ಜಿಪುಣತನ ಸಲ್ಲ.

ಸಮಯವಿಲ್ಲದ ದಿನಗಳಿಗೆ ಪ್ಯಾಶ್ಚರೀಕರಿಸಿದ ದ್ರವರೂಪದ ಬಿಳಿ ಕೊಂಡು ತಂದಿದ್ದೇನೆ. ಬಟ್ಟಲಿಗೂ ಬಿಲ್ಲೆಗೂ ನೊರೆ ಬೇಡವಾದ್ದರಿಂದ ಅದು ಸರಿಹೊಂದುತ್ತದೆ, ಅದರ ಪದಾರ್ಥಗಳ ಸಾಲಿನಲ್ಲಿ ಬೇರೇನೂ ಇಲ್ಲ ಎಂದು ಖಾತ್ರಿಪಡಿಸಿಕೊಂಡರೆ ಸಾಕು. ಇಡೀ ಮೊಟ್ಟೆ ಒಡೆದಾಗ ಉಳಿಯುವ ಹಳದಿಯನ್ನು ಮನೆಯ ಉಳಿದವರ ಅಡುಗೆಗೆ ಹಾಕುತ್ತೇನೆ.

ಊಟದಲ್ಲಿನ ರಂಜಕ ಮೈಗೆ ಹತ್ತದಂತೆ ಕಟ್ಟಿಹಾಕಲು ಊಟದ ಜೊತೆ ನುಂಗುವ ಮಾತ್ರೆಯನ್ನು ಈ ತಿಂಡಿಯ ಜೊತೆಗೂ ಕೊಡಬೇಕೇ ಎಂದು ವೈದ್ಯರನ್ನು ಕೇಳಿದೆ. ಬಟ್ಟಲು, ಬಿಲ್ಲೆಗೆ ಬೇಡ, ಕೋಳಿಯ ಉಂಡೆಯ ದಿನ ಬೇಕು ಎಂದು ಅಪ್ಪನಿಗೆ ಹೇಳಿದರು. ಇದು ಒಬ್ಬೊಬ್ಬರಿಗೆ ಒಂದೊಂದು ಥರ, ನೀವೂ ಕೇಳಿ.

ಈಗ ಉಳಿದಿರುವ ತೊಡಕು ಒಂದೇ. ಗಾಳಿಯಲ್ಲಿ ತೇವ ಇರುವ ದಿನ ಬಿಲ್ಲೆಗಳು ಡಬ್ಬಿಯಲ್ಲಿದ್ದರೂ ಮಾರನೆಯ ದಿನಕ್ಕೆ ಮೆತ್ತಗಾಗುತ್ತವೆ. 120 ಡಿಗ್ರಿಯಲ್ಲಿ ಐದು ನಿಮಿಷ ಮತ್ತೆ ಬಿಸಿ ಮಾಡಿ, ತಟ್ಟೆಯಲ್ಲೇ ಆರಲು ಬಿಟ್ಟರೆ ಗರಿ ಮರಳುತ್ತದೆ. ಹಿಟ್ಟಿನ ಪ್ರಮಾಣವನ್ನು 35 ಗ್ರಾಂಗೆ ಏರಿಸಿ ನಿನ್ನೆ ಒಂದು ತಟ್ಟೆ ಮಾಡಿಟ್ಟಿದ್ದೇನೆ, ಸಂಜೆ ತೆರೆದು ನೋಡಬೇಕು. ಡಬ್ಬಿಯ ಮುಚ್ಚಳದ ಮೇಲೆ ಮಾಡಿದ ದಿನವನ್ನೂ ಪಾಲಿನ ಲೆಕ್ಕವನ್ನೂ ಬರೆದು ಅಂಟಿಸಿದ್ದೆ. ಬೆಳಗ್ಗೆ ನೋಡಿದರೆ ಅದರ ಕೆಳಗೆ ಅಪ್ಪನ ಅಕ್ಷರ: ‘ಬೆಳ್ಳುಳ್ಳಿ ಇನ್ನೊಂದು ಎಸಳು.’